ಹಳದಿ ಮನೆ

ಜುವಾರಿ ನಗರದ ನಮ್ಮ ಕನ್ನಡ ಶಾಲೆಗೆ
ಹನ್ನೊಂದು ಕಂಪ್ಯೂಟರು.
ಗುಂಡಿ ಒತ್ತಿದರೆ ಏಳುವುದು ಏಳೇ.
ಒಂದೊಂದರ ಮುಂದೆ ನಾಲ್ಕು ತಲೆ, ಒಂದು ಮೌಸು,
ಮೌಸಿಗಾಗಿ ಮೊಣಕೈ ಯುದ್ಧ.

ಇವತ್ತು ಸ್ನೇಹ ಸಮ್ಮೇಳನದ ಲೆಕ್ಕ, ಅಂದೆ.
ಪರದೆಯ ಮೇಲಿರುವುದು ಚೌಕಾಬಾರದ ಮನೆಗಳೇ ಅಂದುಕೊಳ್ಳಿ.
ಕವಡೆ ಇಲ್ಲ, ಸಮ ಅನ್ನುವ ಗುರುತಿದೆ.
ಅದನ್ನು ಮೊದಲು ಹಾಕಿದರೆ ಮನೆ ತಾನೇ ಎಣಿಸುತ್ತದೆ,
ಮರೆತರೆ ನೀವು ಬರೆದದ್ದನ್ನೇ ತೋರಿಸಿ ಸುಮ್ಮನಿರುತ್ತದೆ.
ಗೊತ್ತಿರುವುದು ಬಿಳಿಯೇ ಇರಲಿ.
ಊಹೆಗೆ ಹಳದಿ ಬಳಿಯಿರಿ.

ಪೆಂಡಾಲು ಒಂಬತ್ತು ಸಾವಿರ.
ಮೈಕು ಮೂರು ಸಾವಿರದ ನಾಲ್ಕು ನೂರು.
ಖುರ್ಚಿ ಇನ್ನೂರು, ಒಂದಕ್ಕೆ ಎಂಟು.
ಚಹಾ, ಮಿರ್ಚಿ, ತಲೆಗೆ ಹದಿನೈದು.
ಟಿಕೆಟ್ಟು ಐವತ್ತು.
"ಪೊಲೀಸರ ಚಹಾ ಎಲ್ಲಿ ಹಾಕಲ್ರಿ ಸರ್?"
ಮೌಲಾಲಿ. ಅವನಪ್ಪನದು ಬೈನಾದಲ್ಲಿ ಕೈಗಾಡಿ.
ಬಿಡು, ಅದು ಕುಡಿದು ಹೋಗಲಿ, ಅಂದೆ.

ಎಂಟರ್ ಒತ್ತಿದರೆ ಕೆಂಪು. ಏಳು ಸಾವಿರ ನಷ್ಟ.
ನಾನೂರು ಮಂದಿ ಬಂದರೆ ಸರಿಹೋಗುತ್ತೆ ಅಂತ ಸಂಗನಬಸು.
ಉಳಿದ ಇನ್ನೂರು ಮಂದಿ ಯಾರ ತೊಡೆಯ ಮೇಲೆ ಕೂರಬೇಕೋ?
ಟಿಕೆಟ್ಟು ಎಂಬತ್ತೈದು ಮಾಡಿ ನೋಡಿದರು.
"ಹಂಗಾದ್ರ ನಮ್ಮವ್ವ ಬರಂಗಿಲ್ರಿ," ಅಂತು ಹಿಂದಿನ ಬೆಂಚು.
ಮತ್ತೆ ಐವತ್ತು. ಮತ್ತೆ ಕೆಂಪು.

ಆಗ ಫಕೀರವ್ವ, ಜೂನಿನಿಂದ ಮೌಸು ಮುಟ್ಟದವಳು,
ಎರಡು ಭುಜಗಳ ನಡುವೆ ಕೈ ತೂರಿಸಿ
ಒಂಬತ್ತನ್ನು ನಾಲ್ಕು ಮಾಡಿದಳು.
ನಷ್ಟ ಎರಡೇ ಸಾವಿರ.
ಐದು ಸಾವಿರ ಎಲ್ಲಿ ಹೋಯ್ತು?
"ಪೆಂಡಾಲ ಕಟ್ಟಾಂವ ನಮ್ಮಪ್ಪರಿ.
ಬಟ್ಟೀದಷ್ಟ ಬಾಡಿಗಿ ಕೊಟ್ರ ಆತು."

ನನಗೆ ಗೊತ್ತಿತ್ತು.
ಕೋಲ್ವಾ ಬೀಚಿನ ಮದುವೆಗಳಿಗೆ ಬೊಂಬು ನೆಡುವವನು.
ಉಸುಕು ಬೊಂಬನ್ನು ಹಿಡಿಯುವುದಿಲ್ಲ,
ಮೂರು ಮೊಳ ಅಗೆಯಬೇಕು, ಒಂದೊಂದಕ್ಕೂ.
ಅವನೂ ತಮ್ಮನೂ, ಎರಡು ದಿನ.

ಅಳಿಸಬೇಡ, ಅಂದೆ. ಒಂಬತ್ತು ಒಂಬತ್ತೇ ಇರಲಿ.
ಕೊಟ್ಟದ್ದನ್ನು ಜಮಾದ ಕಡೆ ಬರಿ.

ಒಂದೇ ಬೆರಳು. ಅಕ್ಷರ ಹುಡುಕಿ ಹುಡುಕಿ
ಟಿಕೆಟ್ಟಿನ ಕೆಳಗೆ ಹೊಸ ಸಾಲು ಮೂಡಿತು:
ಯಮನಪ್ಪ ಸಣ್ಣಹನಮಪ್ಪ ಹೊಸೂರ.
ಹೆಸರು ಒಂದು ಮನೆಯಲ್ಲಿ ಹಿಡಿಸದೆ
ಪಕ್ಕದ ಮನೆಗೂ ಚಾಚಿತ್ತು.
ಐದು ಸಾವಿರ ಬರೆದದ್ದೇ ಅರ್ಧ ಹೆಸರು ಮುಚ್ಚಿಹೋಯಿತು.
ಗೆರೆ ಹಿಡಿದೆಳೆದು ಮನೆ ಅಗಲ ಮಾಡುವುದು
ಆಗಲೇ ಕಲಿಸಿದ್ದು. ಇವತ್ತಿನ ಪಾಠದಲ್ಲಿ ಅದು ಇರಲಿಲ್ಲ.

ಟಿಕೆಟ್ಟು ಅರವತ್ತು ಮಾಡಿ, ಅಂದರು ಯಾರೋ.
ಕೆಂಪು ಅಳಿಯಿತು.
"ಲಾಭ ಎಷ್ಟ್ರೀ?"
ಇಲ್ಲ.
"ಲುಕ್ಸಾನು?"
ಅದೂ ಇಲ್ಲ.
ಹನ್ನೆರಡು ವರ್ಷದ ನನ್ನ ನೌಕರಿಯಲ್ಲಿ
ಸೊನ್ನೆಗೆ ಚಪ್ಪಾಳೆ ಬಿದ್ದದ್ದು ಇದೇ ಮೊದಲು.

ಗಂಟೆ ಹೊಡೆಯಿತು. ಚಪ್ಪಲಿಗಳ ಗದ್ದಲ.
ಫಕೀರವ್ವ ಇನ್ನೂ ಕೂತೇ ಇದ್ದಳು,
ಬಣ್ಣದ ಡಬ್ಬಿ ಎಲ್ಲಿದೆಯೆಂದು ಹುಡುಕುತ್ತ.
ಸಿಕ್ಕಿತು. ಅಪ್ಪನ ಸಾಲಿನ ಮೇಲೆ
ಈ ತುದಿಯಿಂದ ಆ ತುದಿಗೆ ಹಳದಿ ಸುರಿದಳು.

"ಇನ್ನೂ ಕೇಳಿಲ್ರಿ ಸರ್, ಅವರನ್ನ."