ಕಣ್ಣಡ

ಹೊಸ ಬಸ್‌ಸ್ಟ್ಯಾಂಡಿನ ಎದುರು, ಮೊದಲ ಮಹಡಿ.
ಹೆದ್ದಾರಿ ಅಗೆದ ಕೆಂಪು ಧೂಳು ಕಿಟಕಿಗೆ ಮೆತ್ತಿದೆ.
ಶಮ್ಮಾಸ್ ಎಂಬ ಹುಡುಗ ನನ್ನ ರೆಪ್ಪೆಯೆತ್ತಿ
ಟಾರ್ಚು ಬಿಟ್ಟು ಕೇಳಿದ:
‘ಇನಿ ಕಣ್ಣಡ ವೇಂಡ, ಅಲ್ಲೇ ಚೇಚಿ?’

ಅವನ ಮಲಯಾಳದಲ್ಲಿ ಅದು ಬರೀ ಕನ್ನಡಕ.
ಇನ್ನು ಬೇಡ ತಾನೇ, ಎಂದನಷ್ಟೆ.
ನನ್ನ ಕಿವಿಗೆ ಬಿದ್ದದ್ದು ಬೇರೆ.
ಹೂಂ ಅನ್ನಲು ಒಂದು ಗಳಿಗೆ ಬೇಕಾಯಿತು.

ಇಪ್ಪತ್ತೆಂಟು ವರ್ಷ.
ಆರನೇ ಕ್ಲಾಸಿನಲ್ಲಿ ಕರಿಹಲಗೆ ಹೊಗೆಯಾದಾಗ
ಅಪ್ಪ ಹಾಕಿಸಿದ್ದು ಮೊದಲಿನದು, ಜೇನುಬಣ್ಣದ ಫ್ರೇಮು.
ಶಾಲೆಯಲ್ಲಿ ಸೋಡಾಬುಡ್ಡಿ.
ಮದುವೆಯ ಫೋಟೋದಲ್ಲಿ ಕಣ್ಣಿರಬೇಕಾದಲ್ಲಿ
ಎರಡು ಬಿಳಿ ಮಿಂಚು.

ತೋರುಬೆರಳ ತುದಿಯಲ್ಲಿ ಒಂದು ಬಟ್ಟಲು,
ಹಲಸಿನ ಬೇಳೆಯ ಬಿಳಿ ಪೊರೆಗಿಂತ ತೆಳು.
‘ಮೇಲೆ ನೋಡಿ, ಉಸಿರು ಬಿಡಿ’ ಎಂದಳು ಅಂಜುಷಾ.
ಹನ್ನೊಂದು ಸಲ ಕಣ್ಣು ಬಾಗಿಲು ಹಾಕಿಕೊಂಡಿತು.
ಹನ್ನೆರಡನೆಯ ಸಲ
ಲೋಕ ಅಂಚಿಲ್ಲದೆ ಬಂತು.

ಕುಂಬಳೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ.
ಓರೆಗಣ್ಣಿಗೂ ಎಲ್ಲ ಸ್ಪಷ್ಟ:
ಕಂಡಕ್ಟರನ ಕಿವಿಯ ಮೇಲಿನ ಪೆನ್ನು,
ಮೊಗ್ರಾಲು ಸಂಕದ ಕೆಳಗೆ ದೋಣಿಯ ಹೊಟ್ಟೆಯ ಪಾಚಿ,
ಬೋರ್ಡುಗಳ ಕೆಳಸಾಲಿನ ಸಣ್ಣ ಕನ್ನಡ,
ಇದ್ದಲ್ಲಿ ಇದ್ದದ್ದು, ಇಲ್ಲದಲ್ಲಿ ಇಲ್ಲದ್ದು.

ಮನೆಯಲ್ಲಿ ಗಂಜಿ ಬಸಿದೆ.
ಆವಿ ಬಂತು, ಹೋಯಿತು, ಏನೂ ಮಂಜಾಗಲಿಲ್ಲ.
ಆ ಹೆಮ್ಮೆಯಲ್ಲೇ ಗಾಂಧಾರಿ ಮೆಣಸು ಗುದ್ದಿ ಚಟ್ನಿ ಮಾಡಿದೆ.
ರಾತ್ರಿ ಸೋಪು ಹಾಕಿ ಎರಡು ಸಲ ಕೈತೊಳೆದು
ಲೆನ್ಸ್ ತೆಗೆಯಲು ಬೆರಳಿಟ್ಟೆ.
ಆ ಮೆಣಸಿಗೆ ಯಾಕೆ ಆ ಹೆಸರೆಂದು
ಬಚ್ಚಲಲ್ಲಿ ಕೂತು, ಕಣ್ಣಿಗೆ ಒದ್ದೆ ಬೈರಾಸು ಕಟ್ಟಿಕೊಂಡು ತಿಳಿದೆ.
ಮಗಳು ಬಾಗಿಲಾಚೆ ನಗುತ್ತಿದ್ದಳು.

ಇದೆಲ್ಲ ಸಣ್ಣದು.

ನನ್ನ ಕೆಲಸ ಬದಿಯಡ್ಕದಲ್ಲಿ,
ಆಧಾರ ಬರೆಯುವವರ ಕೋಣೆಯಲ್ಲಿ.
ಪತ್ರ ಮಲಯಾಳದ್ದು. ಕಕ್ಷಿಗಾರರಿಗೆ ಅರ್ಥ ಹೇಳುವವಳು ನಾನು,
ಕನ್ನಡದಲ್ಲಿ, ಕೆಲವರಿಗೆ ತುಳುವಿನಲ್ಲಿ.
ಅಣ್ಣತಮ್ಮಂದಿರು ಬೆಂಚು ತುಂಬ ಕೂತು
ತಂಗಿಯ ಪಾಲನ್ನು ಅವಳ ಕೈಯಿಂದಲೇ ಬಿಡಿಸಿಕೊಳ್ಳುವ ದಿನ,
ಹೆಬ್ಬೆಟ್ಟು ಕಾಗದಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ
ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದೆ.
ಧೂಳೇನೂ ಇರುತ್ತಿರಲಿಲ್ಲ.
ಅಷ್ಟು ಹೊತ್ತು ಮುಖಗಳು ಹಿಟ್ಟಿನಂತೆ ಕಲಸಿಹೋಗುತ್ತಿದ್ದವು.
ಮತ್ತೆ ಹಾಕುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.
ಇದು ಯಾರಿಗೂ ಗೊತ್ತಿರಲಿಲ್ಲ.
ನನಗೂ.

ಬುಧವಾರ ಪೆರ್ಲದ ದೂಮಕ್ಕ.
ಒರೆಸಲು ಕೈಯಲ್ಲಿ ಏನೂ ಇಲ್ಲ.
ಎದುರು ಕೂತು ಸುಮ್ಮನೆ ಕಣ್ಣು ಮುಚ್ಚಲು ನೆಪವಿಲ್ಲ.
ಕಂಡೆ: ಬೀಡಿ ಕಟ್ಟಿ ಕಟ್ಟಿ
ಗೆರೆ ಸವೆದುಹೋದ ಹೆಬ್ಬೆರಳು,
ಗುರುತು ಮೂಡದೆ ಮತ್ತೆ ಮತ್ತೆ ಒತ್ತಿಸಿದ್ದು,
ತಪ್ಪು ತನ್ನದೇ ಎಂಬಂತೆ ಅವಳ ತುಟಿ ಅಲುಗಿದ್ದು,
ಪತ್ರದ ಮೂಲೆ ಹಿಡಿದ ತಮ್ಮನ ಉಗುರು
ಬಿಗಿಗೆ ಬೆಳ್ಳಗಾದದ್ದು.

‘ತಾಳಿ’ ಎಂದೆ. ‘ಇನ್ನೊಮ್ಮೆ ಓದುತ್ತೇನೆ.’
ಓದಿದೆ, ಮೊದಲಿಗಿಂತ ನಿಧಾನ.
ಬಾವಿ, ಬಾವಿಗೆ ಹೋಗುವ ದಾರಿ, ಫಲಬಿಡುವ ತೆಂಗು ಎಂಟು,
ದೈವದ ಕಲ್ಲಿನ ಬಳಿಯ ಹಲಸು ಒಂದು.
‘ಇನ್ನು ಮುಂದೆ ಯಾವ ಹಕ್ಕೂ ಇಲ್ಲ’ ಎಂಬಲ್ಲಿ ನಿಂತು
ಅರ್ಥ ಆಯಿತಾ ಎಂದು ಕೇಳಿದೆ.
ತಮ್ಮ ಗಡಿಯಾರ ನೋಡಿದ.

ಅವಳು ಪತ್ರ ನೋಡಲಿಲ್ಲ.
ನನ್ನ ಮೂಗಿನ ಮೇಲೆ ಇನ್ನೂ ಉಳಿದಿರುವ
ಎರಡು ಗುಳಿಗಳನ್ನು ನೋಡಿದಳು.
‘ಗೊತ್ತುಂಟು ಮಗಾ’ ಅಂದಳು.
‘ನಿನ್ನ ಕನ್ನಡಕ ಎಲ್ಲಿ ಹೋಯಿತು?’

ತೋರುಬೆರಳು ತಾನಾಗಿ ಮೇಲೆ ಹೋಯಿತು,
ಇಲ್ಲದ್ದನ್ನು ಸರಿಮಾಡಲು.