ಹನ್ನೊಂದು ಅಡಿ ಮೇಲೆ

ಕೊಳವೆ ಇಳಿಸೋಕೆ ನಾಲ್ಕು ಜನ ಬೇಕು.
ನಾವಿದ್ದದ್ದು ಮೂವರು. ತೂಕಕ್ಕೆ
ಮೇಕೆ ಬಿಟ್ಟು ಬಂದ ಅಮ್ಜದ್.
ಮಾಲೂರಿಂದ ಆರು ಕಿಲೋಮೀಟರು, ಬಟ್ಲಕೆರೆ,
ಏಪ್ರಿಲ್ಲಿನ ಬಿರುಕಿನ ಮೇಲೆ ಕಾಲು ಅಗಲಿಸಿ ನಿಂತು
ಪಿವಿಸಿ ಕೊಳವೆಯ ನೆತ್ತಿಗೆ ಬಡಿದೆವು,
ಕೈ ಪಳಗದ ಕಾಂಪೌಂಡರುಗಳ ಹಾಗೆ.

ಮೂರನೇ ಸೆಮಿಸ್ಟರು. ಪೇಪರಿನ ಹೆಸರು
ಜಾಗತಿಕ ಪರಿಸರ ಬದಲಾವಣೆ.
ಓದೋದು ಧ್ರುವದ ಹಿಮ, ಹವಳದ ದಿಬ್ಬ,
ಹೆಸರು ಹೇಳಲು ಬಾರದ ಯಾವುದೋ ಸರೋವರ;
ಫೀಲ್ಡ್‌ವರ್ಕಿಗೆ ಕೊಡೋದು ತಲೆಗೆ ಎಂಟುನೂರು.
ಹಾಗಾಗಿ ನನ್ನ ಜಗತ್ತು
ಬಸ್ ಪಾಸು ಮುಗಿಯುವಲ್ಲಿ ಮುಗಿಯಿತು.

ಎಳೆದಾಗ ಪ್ಳಕ್ ಅಂದಿತು ಕೆರೆ.
ಅಮ್ಜದ್ ನಕ್ಕ, ಕೇಳಿದ:
ಇದರಲ್ಲಿ ಏನು ಸಿಗುತ್ತೆ ಅಕ್ಕಾ, ಚಿನ್ನವಾ?
ಧೂಳು ಸಿಗುತ್ತೆ ಅಂದೆ.
ಅದಕ್ಕೆ ಕೋಲಾರದವರೆಗೂ ಹೋಗಬೇಕಾ ಅಂತ
ಮೇಕೆಗಳ ಕಡೆ ನಡೆದ.

ಟಮಕದ ಲ್ಯಾಬಿನಲ್ಲಿ ಕೊಳವೆ ಸೀಳಿದೆವು,
ನುಗ್ಗೆಕಾಯಿ ಸೀಳಿದ ಹಾಗೆ, ಉದ್ದಕ್ಕೆ.
ಸೆಂಟಿಮೀಟರಿಗೊಂದು ಚೀಟಿ, ಚೀಟಿಗೊಂದು ಚೀಲ.
ಸೂಕ್ಷ್ಮದರ್ಶಕದ ಕೆಳಗೆ
ಮೂವತ್ತರವರೆಗೂ ನೀಲಗಿರಿ, ಬರೀ ನೀಲಗಿರಿ,
ಮುಕ್ಕೋನದ ಪರಾಗ, ಸಮೋಸದ ಅಂಗಡಿಯಂತೆ.
ಮೂವತ್ತೊಂದಕ್ಕೆ ಒಂದೂ ಇಲ್ಲ!
ಬರೀ ಹುಲ್ಲಿನ ಜಾತಿ, ದುಂಡಗೆ.
ರಾಗಿಯೋ ಗರಿಕೆಯೋ ಲೆನ್ಸಿಗೆ ತಿಳಿಯದು.

ವಯಸ್ಸು ಅಳೆದು ಬಂದ ಕಾಗದ ಇನ್ನೂ ವಿಚಿತ್ರ.
ಮೂವತ್ತನೆಯದಕ್ಕೆ ನಲವತ್ತು ವರ್ಷ,
ಅದಕ್ಕೆ ಅಂಟಿಕೊಂಡ ಮೂವತ್ತೊಂದಕ್ಕೆ ಮುನ್ನೂರು.
ನಡುವಿನ ಕಾಲ ಯಾರೋ ಹರಿದುಕೊಂಡು ಹೋದ ಹಾಳೆ.
ಫಿಲೋಮಿನಾ ಮೇಡಂ ಕನ್ನಡಕ ತೆಗೆದು
ಹಯೇಟಸ್, ಅಂದರು. ಬಾಯಿ ತುಂಬುವ ಪದ.
ಕಾರಣ ಬರಿ:
ಬರ ಇರಬಹುದು, ಗಾಳಿ ಕೊರೆದಿರಬಹುದು, ಕಟ್ಟೆ ಒಡೆದಿರಬಹುದು.
ಮೂರನ್ನೂ ಬರೆದೆ. ಮೂರಕ್ಕೂ ಆಕರ ಕೊಟ್ಟೆ.
ಒಂದರ ಮೇಲೂ ನಂಬಿಕೆ ಬರಲಿಲ್ಲ,
ಆದರೂ ಫಾಂಟ್ ಹನ್ನೆರಡು, ಸಾಲಿನ ನಡುವೆ ಒಂದೂವರೆ ಜಾಗ.

ಶನಿವಾರ ಮನೆಗೆ ಹೋದೆ. ಮಳೆ ಬಂದಿತ್ತು.
ಅಡುಗೆಮನೆಯಲ್ಲಿ ಮೂರು ಪಾತ್ರೆ ಟಣಟಣ.
ಹತ್ತೇ, ಒಂದು ಹೆಂಚು ಸರಿಸೇ, ಅಂದಳು
ನಮ್ಮಮ್ಮ ಮುನಿಲಕ್ಷ್ಮಮ್ಮ,
ಹತ್ತೊಂಬತ್ತು ವರ್ಷ ಹೆಂಚಿನ ಕಾರ್ಖಾನೆಯಲ್ಲಿ
ಹಸಿ ಹೆಂಚು ಹೊತ್ತವಳು.
ಹತ್ತಿದೆ. ಪಾಚಿ, ಬೆಕ್ಕಿನ ಹೇಲು, ಒಂದು ಶಟಲ್ ಕಾಕು.
ಬಿರಿದ ಹೆಂಚು ಎತ್ತಿ ಹಿಂದುಮುಂದು ತಿರುಗಿಸಿದೆ.
ಕಂಪನಿಯ ಮುದ್ರೆ ಸವೆದಿದೆ,
ಅಂಚಿನಲ್ಲಿ ಒಂದು ಹೆಬ್ಬೆಟ್ಟು,
ಸುಟ್ಟು ಗಟ್ಟಿಯಾದ ಸುಳಿ.

ಮಣ್ಣು ಎಲ್ಲಿಂದ ಬರ್ತಿತ್ತಮ್ಮಾ?
ಮೇಲಿಂದಲೇ ಕೂಗಿದೆ.
ಇನ್ನೆಲ್ಲಿಂದ, ಬಟ್ಲಕೆರೆಯಿಂದ.
ಮೊದಲು ಗಾಡಿ, ಆಮೇಲೆ ಲಾರಿ.
ಬೆಣ್ಣೆ ಇದ್ದಂಗಿತ್ತು ಕಣೇ ಆ ಜೇಡಿ.
ಇಳಿ ಬೇಗ, ಸಾರು ಆರ್ತದೆ.

ಇಳಿಯಲಿಲ್ಲ.
ಅಲ್ಲಿಂದ ಮಾಲೂರು ಕಾಣುತ್ತೆ,
ಹೊಗೆ ಮರೆತ ಎರಡು ಚಿಮಣಿ,
ಆರ್‌ಸಿಸಿ ತಾರಸಿಗಳ ನಡುವೆ ಅಲ್ಲಲ್ಲಿ ಕೆಂಪು,
ಸ್ಕೂಲು, ರೈಲಿನವರ ಕ್ವಾರ್ಟರ್ಸು, ಮಸೀದಿಯ ಪಕ್ಕದ ಮಂಡಿ,
ಕಳೆದುಹೋದ ಇನ್ನೂರ ಅರವತ್ತು ವರ್ಷ
ಒಂದರ ಮೇಲೊಂದು ಜೋಡಿಸಿಕೊಂಡು
ಮಳೆ ಸುರಿಸುತ್ತಾ ಕೂತಿದೆ.

ಸುಟ್ಟ ಮಣ್ಣಿನಲ್ಲಿ ಪರಾಗ ಉಳಿಯಲ್ಲ, ಗೊತ್ತು.
ಒಲೆಗೆ ಹೋದ ಪತ್ರದಂತೆ. ಓದಲಾಗದು.
ಆದರೂ ಜೇಬಿನ ಚೀಲ ತೆಗೆದೆ, ಚೂರು ಹಾಕಿದೆ,
ಚೀಟಿ ಬರೆದೆ:
ಸ್ಥಳ, ಬಟ್ಲಕೆರೆ.
ಆಳ, ನೆಲದಿಂದ ಹನ್ನೊಂದು ಅಡಿ ಮೇಲೆ.
ಸಂಗ್ರಹಿಸಿದವರು ಅನ್ನುವಲ್ಲಿ
ನನ್ನ ಹೆಸರು ಬರೆದು, ಹೊಡೆದು,
ಅಮ್ಮನ ಹೆಸರು ಬರೆದೆ.

ಅದನ್ನೂ ಕಾಲೇಜಿಗೆ ಹೊರ್ತೀಯಾ?
ಆ ತೂತಿಗೆ ಏನು ಮುಚ್ತೀಯಾ?

ಕೈಗೆ ಸಿಕ್ಕಿದ್ದು ಹಳೇ ಫ್ಲೆಕ್ಸು,
ಯಾರದೋ ಹುಟ್ಟುಹಬ್ಬದ ಅರ್ಧ ಮುಖ,
ಕೂಲಿಂಗ್ ಗ್ಲಾಸು, ನಗು.
ಮಡಚಿ ತೂರಿಸಿದೆ, ಕಲ್ಲು ಹೇರಿದೆ.
ಕೆಳಗೆ ಒಂದು ಪಾತ್ರೆ ಸುಮ್ಮನಾಯಿತು.
ಎರಡು ಇನ್ನೂ ಟಣಟಣ.