ಹನ್ನೆರಡನೇ ತೂತು

ಅಕ್ಕಲಕೋಟ ದಾಟಿ ಸೋಲಾಪುರ ರೋಡಿಗೆ
ಲಾಡ್ಲೇಸಾ ಮಿಸ್ತ್ರಿಯ ಶೆಡ್ಡು.
ಅದರ ಗ್ವಾಡಿಗೆ ಗ್ವಾಡಿ ಹಚ್ಚಿ ನಮ್ಮಪ್ಪನ ಲೇತು;
ಈಗ ನಂದು.
ಬಿಲ್ಲು ಮರಾಠಿಯೊಳಗ ಬರೀತೀವಿ,
ಬೋಲ್ಟು ಜಾಮಾದ್ರ ಕನ್ನಡದಾಗ ಬೈತೀವಿ.

ಸಾತಲಿಂಗ ಟೆಂಪೋದಾಗ ಹೇರಿಕೊಂಡು ಬಂದ ಇಂಜನ್ನು
ತಾಡಪಾಲಿನ ತಳಗ ಮಲಗಿತ್ತು. ಟರ್ಬೊ.
ಯಾವ ಗಾಡಿದು, ಎಲ್ಲಿ ಬಿದ್ದ ಗಾಡಿದು
ಯಾರೂ ಕೇಳಲಿಲ್ಲ.
ಫ್ಯಾನಿನ ಒಂದು ರೆಕ್ಕಿ ಒಳಗ ಮಡಚಿತ್ತು,
ತಿಳಿಯಾಕ ಅಷ್ಟು ಸಾಕಾಯ್ತು.

ಅವನ ಲಾರಿನ ಊರೆಲ್ಲಾ ಬಲ್ಲದು.
ಉಳ್ಳಾಗಡ್ಡಿ ತುಂಬಿ ವಳಸಂಗದ ದಿಬ್ಬ ಏರೂವಾಗ
ಸಾಲಿ ಹುಡುಗರು ಸೈಕಲ್ ಮ್ಯಾಲ ಕುಂತಾವ್ರು
ಹಿಂದಿನ ಸರಪಳಿ ಹಿಡಕೊಂಡು
ಪುಕ್ಕಟ ಏರತಿದ್ರು, ಹಾಡ ಹೇಳಕೋತ.

"ಇಂಜನ್ನೇನೋ ಕುಂಡ್ರತೈತಿ ಕಾಕಾ,
ಗೇರಿನ ಪೆಟಿಗಿ ತಡಕೋತೈತೇನು?"

ಮಿಸ್ತ್ರಿ ಮಾತಾಡಲಿಲ್ಲ.
ಪೆಟಿಗಿ ಎಣ್ಣಿ ತಾಟಿನ್ಯಾಗ ಇಳಿಸಿ
ಹೆಬ್ಬಟ್ಟಿಗೆ ಹಚ್ಚಿ ತಿಕ್ಕಿ ಬಿಸಲಿಗೆ ಹಿಡದ.
ಕಾಡಿಗಿ ಕಪ್ಪು, ಮಿಂಚು ಕಡಿಮಿ.
ಮುಚ್ಚಳ ತಗದು,
ಸಂತ್ಯಾಗ ಎತ್ತಿನ ಬಾಯಿ ಬಿಡಿಸಿದಂಗ
ಒಂದೊಂದು ಹಲ್ಲೂ ಮುಟ್ಟಿ ನೋಡಿದ.
"ಎರಡನೇದ್ದು ಸವದೈತಿ. ಉಳದದ್ದು ಇನ್ನಾ ಪ್ರಾಯದ್ದು."

ಇಂಜನ್ನಿನ ತೂತು ಒಂದು ಲೆಕ್ಕ, ಪೆಟಿಗಿ ತೂತು ಒಂದು ಲೆಕ್ಕ.
ನಡುವ ಕುಂಡ್ರಾಕ ನನ್ನದೊಂದು ಉಕ್ಕಿನ ಬಿಲ್ಲಿ.
ಬಳಿ ಬಿಚ್ಚಿ ಡಬ್ಬಿ ಮುಚ್ಚಳದಾಗ ಇಟ್ಟು
ಎರಡು ದಿನ ಲೇತಿಗೆ ನಿಂತೆ.
ಹನ್ನೊಂದು ತೂತು ಕೂದಲ ಎಳಿಯಷ್ಟೂ ತಪ್ಪಲಿಲ್ಲ.
ಹನ್ನೆರಡನೇದ್ದು ಅರ್ಧ ನೂಲು ಜರಗಿತು.
ರಾತ್ರಿ ಕಾನಸಿಲೆ ತಿಕ್ಕಿ ಅಗಲ ಮಾಡಿದೆ.
ಯಾರಿಗೂ ಹೇಳಲಿಲ್ಲ.

ಸಾತಲಿಂಗ ದೊಡ್ಡ ಕ್ಲಚ್ ಪ್ಲೇಟು ತಂದಿದ್ದ
ಹೊಸಾದು, ಡಬ್ಬಿ ಸಮೇತ.
ಮಿಸ್ತ್ರಿ ತಿರುಗಿಸಿ ನೋಡಿ ಅದನ್ನ ವಾಪಸ್ ಕೊಟ್ಟ.
"ಇದು ಬ್ಯಾಡ. ಹಳೇ ಅಳತಿದ್ದ ಹಾಕತೀನಿ."
"ಅದು ಜಾರತೈತಲ್ಲ ಕಾಕಾ?"
"ಜಾರಲಿ ಅಂತನ ಹಾಕೂದು.

ಸಪಾಟ ರಸ್ತೆದಾಗ ಯಾವ ಪೆಟಿಗಿನೂ ಸಾಯೂದಿಲ್ಲ.
ನಿಂತ ಗಾಡಿ, ತುಂಬಿದ ಗಾಡಿ, ಮೊದಲ್ನೇ ಗೇರು, ಏರು:
ಅಲ್ಲಿ ನೀ ಪಟ್ಟನ ಕಾಲ ಬಿಟ್ಟೆಂದ್ರ
ಇಂಜನ್ನಿನ ಸಿಟ್ಟೆಲ್ಲಾ ಒಂದ ಹಲ್ಲಿನ ಮ್ಯಾಲ.
ಏನರ ಒಂದು ಜಾರಬೇಕು ತಮ್ಮಾ,
ಇಲ್ಲಾಂದ್ರ ಏನರ ಒಂದು ಮುರೀತೈತಿ.
ಪ್ಲೇಟಿಗೆ ಮೂರು ಸಾವಿರ. ಪೆಟಿಗಿಗೆ ನಲವತ್ತು.
ಸಸ್ತಾ ಜಾಗಾದಾಗ ಸೋಲೂದು ಕಲಿ.

ಮತ್ತ ಆ ಬೂಟು ಬಿಚ್ಚಿ ಮ್ಯಾಲಿಡು,
ಬರಿಗಾಲಿಲೆ ಓಡಿಸು.
ಗೇರು ಮುರಿಯೂದು ಇಂಜನ್ನಲ್ಲ, ಕಾಲು."

ಚಾಲೂ ಆದ ದಿನ ಶೆಡ್ಡಿನ ತಗಡೆಲ್ಲಾ ಗದಗದ.
ಚಾದ ಗ್ಲಾಸಿನ್ಯಾಗ ಸಣ್ಣ ಸಣ್ಣ ಉಂಗುರ.
ಲಾರಿ ತಳಗ ಮಲಗತಿದ್ದ ನಾಯಿ
ಪೆಟ್ರೋಲ್ ಪಂಪಿನ ತನಕ ಓಡಿತು,
ಸಂಜಿಮುಂದ ಬಂದು ಮತ್ತ ಅಲ್ಲೇ ಮಲಗಿತು.
ವಳಸಂಗದ ದಿಬ್ಬ ಮೂರನೇ ಗೇರಿನ್ಯಾಗ ಏರಿತಂತ.
ಸರಪಳಿಗೆ ಚಾಚಿದ ಹುಡುಗರ ಕೈ
ಚಾಚಿದಂಗನ ಉಳದುವಂತ.

ದೀಪಾವಳಿ ಆಗಿ ಹತ್ತು ದಿನ.
ಲಾರಿಗಿಂತ ಮೊದಲ ವಾಸನಿ ಬಂತು,
ರೊಟ್ಟಿ ಅಲ್ಲ, ರಬ್ಬರ್ ಅಲ್ಲ,
ಮೂಗು ಬಲ್ಲವರಿಗೇ ತಿಳಿಯೂ ಕ್ಲಚ್ಚಿನ ಸುಟ್ಟ ವಾಸನಿ.
ಸಾತಲಿಂಗ ತಪ್ಪು ಮಾಡಿದ ಹುಡುಗನಂಗ
ಬರಿಗಾಲಿಲೆ ಇಳದ.
"ಮಂಗಳವೇಢಾ ಹತ್ರ, ಕಾಕಾ. ಓವರ್‌ಲೋಡು.
ಗಡಿಬಿಡಿಯೊಳಗ..."
ಮಿಸ್ತ್ರಿ ನಗಾಕ ಹತ್ತಿದ.
ಪೆಟಿಗಿ ಇಳಿಸಿ ಮುಚ್ಚಳ ತಗದ್ರ
ಹಲ್ಲೆಲ್ಲಾ ಇದ್ದಂಗನ ಅದಾವ.

ಅವರು ಹಲ್ಲು ನೋಡೂವಾಗ
ನಾ ಬ್ಯಾಟರಿ ಹಿಡದು ಗಾಡಿ ತಳಗ ತೂರಿ
ಬಿಲ್ಲಿ ಹುಡಕಿದೆ, ಹನ್ನೆರಡನೇ ತೂತು.
ಬಿರುಕಿಲ್ಲ. ಅಂಚಿಗೆ ಸ್ವಲ್ಪ ಜಂಗು.
ನಾ ಅಗಲ ಮಾಡಿದ ಆ ಅರ್ಧ ನೂಲಿನ ಸಂದಿನ್ಯಾಗ
ಗ್ರೀಸು ಮೆತ್ತಿದ
ಒಂದು ಉಳ್ಳಾಗಡ್ಡಿ ಸಿಪ್ಪಿ.